'ಒತ್ತಾರೆ' ಎಂದ ಮಗುವಿನ ಪರವಾಗಿ: ಕನ್ನಡ ಕಲಿಸುವವರಿಗೆ ಒಂದು ಬಹಿರಂಗ ಪತ್ರ

ಕನ್ನಡ ಕಲಿಸುವ ಎಲ್ಲ ಶಿಕ್ಷಕ, ಶಿಕ್ಷಕಿಯರಿಗೆ ಮತ್ತು ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಕರಡು ತಿದ್ದುವವನು. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಬೇರೆಯವರು ಬರೆದ ಕನ್ನಡವನ್ನು ದಿನವಿಡೀ ಓದುತ್ತೇನೆ. ಒತ್ತು ಬಿಟ್ಟುಹೋಗಿದ್ದರೆ ಹಾಕುತ್ತೇನೆ, ದೀರ್ಘ ತಪ್ಪಿದ್ದರೆ ಸರಿಮಾಡುತ್ತೇನೆ. ಕಳೆದ ತಿಂಗಳು ಒಂದು ಕಥಾಸಂಕಲನದ ಕರಡು ನನ್ನ ಮೇಜಿಗೆ ಬಂತು. ಬರೆದ ಹುಡುಗಿಗೆ ಅದು ಮೊದಲ ಪುಸ್ತಕ. ಒಂದು ಕಥೆಯಲ್ಲಿ ಮುದುಕಿಯೊಬ್ಬಳು ಮಗನ ಬಗ್ಗೆ 'ಒತ್ತಾರೆ ಎದ್ದು ಒಂಟೋದ' ಅನ್ನುತ್ತಾಳೆ. ನನಗಿಂತ ಮೊದಲು ಕರಡು ನೋಡಿದ ಯಾರೋ 'ಒತ್ತಾರೆ' ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಬೆಳಿಗ್ಗೆ' ಎಂದು ಬರೆದಿದ್ದರು. ನಾನು ಆ 'ಬೆಳಿಗ್ಗೆ'ಯನ್ನು ಹೊಡೆದುಹಾಕಿ ಅಂಚಿನಲ್ಲಿ 'ಇದು ಹೀಗೇ ಇರಲಿ' ಎಂದು ಬರೆದೆ. ಬರೆದು ಪೆನ್ನು ಕೆಳಗಿಟ್ಟೆ. ಸ್ವಲ್ಪ ಹೊತ್ತು ಮುಂದಿನ ಸಾಲಿಗೆ ಕಣ್ಣು ಹೋಗಲೇ ಇಲ್ಲ.

'ಹೀಗೇ ಇರಲಿ' ಅನ್ನುವ ಆ ಧೈರ್ಯ ನನಗೆ ಬಂದದ್ದು ಏಳನೇ ಕ್ಲಾಸಿನಲ್ಲಿ. ಕೊಟ್ಟವರು ನಮ್ಮ ಕನ್ನಡ ಟೀಚರ್. ಅವರಿಗೆ ಇಷ್ಟು ವರ್ಷದಲ್ಲಿ ಒಂದು ಸಲವೂ ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ. ಈ ಪತ್ರದಲ್ಲಿ ಅದನ್ನು ಎಲ್ಲರೆದುರು ಹೇಳುತ್ತಿದ್ದೇನೆ. ಜೊತೆಗೆ ನಿಮ್ಮ ಹತ್ತಿರ ಕೇಳಿಕೊಳ್ಳುವುದೂ ಸ್ವಲ್ಪ ಇದೆ. ತಮ್ಮ ಹೆಸರು ಹಾಕಬೇಡ ಎಂದು ಅವರು ಮೊದಲೇ ಹೇಳಿದ್ದಾರೆ. ಹಾಗಾಗಿ ಟೀಚರ್ ಎಂದೇ ಬರೆಯುತ್ತೇನೆ.

ನಮ್ಮ ಮನೆಯಲ್ಲಿ ಯಾರೂ 'ಹ' ಎನ್ನುತ್ತಿರಲಿಲ್ಲ. ಹತ್ತು ನಮಗೆ ಅತ್ತು. ಹಳ್ಳಿ ಅಳ್ಳಿ, ಹೊಸದು ಒಸದು. ಅಜ್ಜಿ ಹಾಗೇ ಮಾತಾಡುತ್ತಿದ್ದರು, ಅಪ್ಪ ಹಾಗೇ, ನಾನೂ ಹಾಗೇ. ಇದರಲ್ಲಿ ಏನಾದರೂ ತೊಂದರೆ ಇದೆ ಎಂದು ನನಗೆ ಗೊತ್ತಾಗಿದ್ದು ಐದನೇ ಕ್ಲಾಸಿನಲ್ಲಿ, ಇನ್ನೊಂದು ಶಾಲೆಯಲ್ಲಿ. ಅಲ್ಲಿ ಒಂದು ದಿನ ನನ್ನನ್ನು ಬೋರ್ಡಿನ ಪಕ್ಕ ನಿಲ್ಲಿಸಿ, 'ಹ' ಸರಿಯಾಗಿ ಬರುವವರೆಗೆ ಹೇಳುತ್ತಲೇ ಇರು ಎಂದರು. ಹೇಳಿದೆ. ಪೀರಿಯಡ್ ಪೂರ್ತಿ ಹೇಳಿದೆ. ಎಲ್ಲರೂ ನಗುತ್ತಿದ್ದರು. ಹೆದರಿಕೆಗೆ ಎಲ್ಲಿ 'ಹ' ಬೇಕು, ಎಲ್ಲಿ ಬೇಡ ಅನ್ನುವುದೇ ಮರೆತುಹೋಯಿತು. ಆನೆ ಹಾನೆ ಆಯಿತು. ಆಗ ಇನ್ನೂ ಜೋರಾಗಿ ನಕ್ಕರು. ಆ ದಿನದಿಂದ ನಾನು ಕ್ಲಾಸಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದೆ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದೆ.

ಹೀಗೆ ಎರಡು ವರ್ಷ ಕಳೆಯಿತು. ಅಷ್ಟು ದಿನ ಒಂದು ಮಗು ಸುಮ್ಮನಿದ್ದರೆ 'ಒಳ್ಳೆ ಹುಡುಗ, ಗಲಾಟೆ ಮಾಡಲ್ಲ' ಎಂದುಕೊಳ್ಳುತ್ತಾರೆ. ನನ್ನ ಬಗ್ಗೆಯೂ ಹಾಗೇ ಅಂದುಕೊಂಡರು.

ಏಳನೇ ಕ್ಲಾಸಿಗೆ ಶಾಲೆ ಬದಲಾಯಿತು. ಮೊದಲ ವಾರವೇ ಟೀಚರ್ ಒಬ್ಬೊಬ್ಬರನ್ನೇ ಎಬ್ಬಿಸಿ, ಎದ್ದಾಗಿನಿಂದ ಶಾಲೆಗೆ ಬರುವವರೆಗೆ ಏನೇನು ಮಾಡಿದೆ ಹೇಳು ಎಂದರು. ನನ್ನ ಸರದಿ ಬಂತು. ಕೈ ಎತ್ತಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಎದ್ದು ನಿಂತು 'ಒತ್ತಾರೆ ಎದ್ದು' ಎಂದೆ. ಮುಂದಿನ ಪದ ಬರುವ ಮೊದಲೇ ಹಿಂದಿನ ಬೆಂಚಿನಿಂದ ನಗು ಶುರುವಾಯಿತು. ಆಮೇಲೆ ಇಡೀ ಕ್ಲಾಸು.

ಟೀಚರ್ ನಗಲಿಲ್ಲ, ನಕ್ಕವರನ್ನು ಬೈಯಲೂ ಇಲ್ಲ. ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟು, 'ಇನ್ನೊಂದ್ ಸಲ ಹೇಳು ಮಗು' ಎಂದರು. ಮತ್ತೆ ಅದೇ ಶಿಕ್ಷೆ ಎಂದುಕೊಂಡೆ. ತಲೆ ತಗ್ಗಿಸಿ ಮೆಲ್ಲಗೆ 'ಒತ್ತಾರೆ' ಎಂದೆ. ಅವರು ಬೋರ್ಡಿನ ಮೇಲೆ ದೊಡ್ಡದಾಗಿ 'ಒತ್ತಾರೆ' ಎಂದೇ ಬರೆದರು. ಅದರ ಕೆಳಗೆ 'ಹೊತ್ತಾರೆ'. ಅದರ ಕೆಳಗೆ 'ಪೊೞ್ತು'.

ಮೂರನೆಯದನ್ನು ಓದುವುದಕ್ಕೆ ಯಾರಿಗೂ ಬರಲಿಲ್ಲ. ಮಧ್ಯದ ಆ ಅಕ್ಷರವನ್ನು ನಾವ್ಯಾರೂ ನೋಡೇ ಇರಲಿಲ್ಲ. ನಗು ನಿಂತಿತ್ತು.

ಟೀಚರ್ ಹೇಳಿದರು: 'ಹೊತ್ತು ಅಂದರೆ ಕಾಲ. ಹೊತ್ತು ಅಂದರೆ ಸೂರ್ಯ ಕೂಡ. ಹೊತ್ತು ಮುಳುಗಿತು ಅಂತೀವಲ್ಲ, ಅದು. ಹಳೆಗನ್ನಡದಲ್ಲಿ ಅದು ಪೊೞ್ತು. ತಮಿಳಿನಲ್ಲಿ ಇವತ್ತಿಗೂ ಪೊೞುದು. ನಮ್ಮಲ್ಲಿ ಪದದ ಮೊದಲಿಗಿದ್ದ ಪ ನಿಧಾನವಾಗಿ ಹ ಆಯಿತು. ನೀವೆಲ್ಲ ಹತ್ತು ಅಂತೀರಿ. ತಮಿಳರು ಪತ್ತು ಅಂತಾರೆ, ತೆಲುಗರು ಪದಿ, ತುಳುವರು ಪತ್ತ್. ಸಾವಿರ ವರ್ಷದ ಹಿಂದೆ ನಾವೂ ಪತ್ತು ಅಂತಿದ್ದೆವು. ಆ ಕಾಲದವರು ನಿಮ್ಮ ಹತ್ತು ಕೇಳಿದ್ರೆ ಏನನ್ನುತ್ತಿದ್ದರೋ! ಪ ಹ ಆಯಿತು. ಇವನ ಮನೆಯಲ್ಲಿ ಆ ಹ ಕೂಡ ಕರಗಿದೆ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ, ಅಷ್ಟೇ.'

ಆಮೇಲೆ ನನ್ನ ಕಡೆ ತಿರುಗಿದರು. 'ಬರೆಯುವಾಗ ಹೊತ್ತಾರೆ ಅಂತ ಬರಿ. ಬರೆದದ್ದು ಎಲ್ಲರಿಗೂ ತಿಳಿಯಬೇಕು. ಮನೆಯಲ್ಲಿ ಒತ್ತಾರೆ ಅನ್ನು. ಎರಡೂ ನಿನ್ನವೇ.'

ಇಷ್ಟು ವರ್ಷವಾದರೂ ಆ ಬೋರ್ಡು ಕಣ್ಣ ಮುಂದೆ ಇದೆ. ಮೂರು ಸಾಲು, ಒಂದರ ಕೆಳಗೊಂದು. ಎಲ್ಲಕ್ಕಿಂತ ಮೇಲೆ ನನ್ನ ಮನೆ ಉಚ್ಚಾರಣೆ.

ಮರುದಿನ ಅವರು ಒಂದು ವಚನಗಳ ಪುಸ್ತಕ ತಂದಿದ್ದರು. ಒಂದು ಪುಟ ತೆಗೆದು ನನ್ನ ಮುಂದೆ ಇಟ್ಟು, ಮೊದಲ ಪದ ಮಾತ್ರ ಓದು ಎಂದರು. ಬಸವಣ್ಣನವರ ವಚನ. ಮೊದಲ ಪದವೇ 'ಹೊತ್ತಾರೆ'. ನಿನ್ನೆ ಇಡೀ ಕ್ಲಾಸು ನಕ್ಕಿದ್ದ ನಮ್ಮ ಅಜ್ಜಿಯ ಪದ 12ನೇ ಶತಮಾನದ ವಚನದ ಬಾಗಿಲಲ್ಲೇ ನಿಂತಿತ್ತು. ನನಗೆ ಆಗ ಹನ್ನೆರಡು ವರ್ಷ. ಶತಮಾನ ಅಂದರೆ ಎಷ್ಟು ಅನ್ನುವುದು ಸರಿಯಾಗಿ ತಿಳಿಯದ ವಯಸ್ಸು. ಆದರೂ ಎದೆಯೊಳಗೆ ಏನೋ ನೆಟ್ಟಗಾದ ಹಾಗಾಯಿತು. ಆ ಪೀರಿಯಡ್‌ನಲ್ಲಿ ನಾನೇ ಕೈ ಎತ್ತಿ ಒಂದು ಪ್ರಶ್ನೆ ಕೇಳಿದೆ. ಪ್ರಶ್ನೆ ಏನು ಅನ್ನುವುದು ಮರೆತಿದೆ. ಕೇಳಿದ್ದು ಮಾತ್ರ ನೆನಪಿದೆ.

ಆಗ ಟೀಚರ್ ನನಗೊಂದು ಕೆಲಸ ಕೊಟ್ಟರು. 'ನಿಮ್ಮ ಅಜ್ಜಿ ಒಂದು ದಿನದ ಹೊತ್ತುಗಳಿಗೆ ಏನೇನು ಹೆಸರು ಇಟ್ಕೊಂಡಿದಾರೆ, ಕೇಳಿ ಬರ್ಕೊಂಡು ಬಾ.'

ನಮ್ಮ ಅಜ್ಜಿಗೆ ಓದು ಬರಹ ಇರಲಿಲ್ಲ. ಸಹಿ ಮಾಡುವ ಕಡೆ ಹೆಬ್ಬೆಟ್ಟು. ಶಾಲೆ ಅಂದರೆ ಅವರಿಗೆ ದೂರದಿಂದ ಕೈಮುಗಿಯುವ ಜಾಗ. ನಾನು ಹೋಗಿ ವಿಷಯ ಹೇಳಿದಾಗ ಮಾಡುತ್ತಿದ್ದ ಕೆಲಸ ನಿಲ್ಲಿಸಿದರು. 'ಏನ್ಲಾ ಮಗ, ನಿಮ್ ಟೀಚ್ರು ನನ್ ಮಾತ್ನ ಬರ್ಕೊಂಬಾ ಅಂದ್ರಾ?' ಹೌದು ಎಂದೆ. ಮತ್ತೆ ಕೇಳಿದರು. ಮತ್ತೆ ಹೌದು ಎಂದೆ. ಸೆರಗಿಗೆ ಕೈ ಒರೆಸಿಕೊಂಡು ನನ್ನ ಎದುರು ಬಂದು ಕೂತರು. ಪರೀಕ್ಷೆಗೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು.

ಒಂದೊಂದಾಗಿ ಹೇಳಿದರು. ಮುಂಗೋಳಿ. ಒತ್ತಾರೆ. ಏರೊತ್ತು. ಒತ್ತು ನೆತ್ತಿ ಮೇಲೆ ಬರೋ ಟೇಮು. ಇಳಿಯೊತ್ತು. ಬೈಗು. ಮುಸ್ಸಂಜೆ. ಸರೊತ್ತು. 'ಸರೊತ್ತು' ಅಂದರೆ ನಡುರಾತ್ರಿ. ಅದು ಸರಿಹೊತ್ತು ಎಂದು ಮರುದಿನ ಟೀಚರ್ ಬಿಡಿಸಿ ಹೇಳಿದರು. ನಮ್ಮ ಮನೆಯಲ್ಲಿ ಗೋಡೆ ಗಡಿಯಾರ ಇತ್ತು. ಆದರೆ ಅಜ್ಜಿಯ ದಿನ ಈ ಪದಗಳ ಮೇಲೆ ನಡೆಯುತ್ತಿತ್ತು. ಸೂರ್ಯ ಏರುವುದು, ಇಳಿಯುವುದು, ಮುಳುಗುವುದು ಎಲ್ಲ ಈ ಪದಗಳಲ್ಲೇ ಇತ್ತು. ಎಂಟನ್ನು ಬರೆದುಕೊಂಡು ಎದ್ದೆ. ರಾತ್ರಿ ಮಲಗಿದ ಮೇಲೆ ಅಜ್ಜಿ ಕತ್ತಲಲ್ಲಿ ಕರೆದು, 'ಇನ್ನೊಂದ್ ಬಿಟ್ಟೋಗದೆ ಕಣ್ಲಾ, ನಸುಕು' ಎಂದರು. ನಾನು ಎದ್ದು ದೀಪ ಹಾಕಿ ಬರೆದುಕೊಂಡೆ.

ಆ ನೋಟ್‌ಬುಕ್ಕಿಗೆ ಟೀಚರ್ 'ಮನೆ ಮಾತು' ಎಂದು ಹೆಸರಿಟ್ಟರು. ಆಮೇಲೆ ಎಲ್ಲರಿಗೂ ಒಂದೊಂದು ಮಾಡಿಸಿದರು. ಒಬ್ಬಳ ಮನೆಯಲ್ಲಿ ಬೇರೆ ಥರದ ಕನ್ನಡ, ಇನ್ನೊಬ್ಬನ ಮನೆಯಲ್ಲಿ ತೆಲುಗು, ಮತ್ತೊಬ್ಬಳ ಮನೆಯಲ್ಲಿ ಉರ್ದು. ಎಲ್ಲವೂ ಬಂದವು. ಆ ಪುಸ್ತಕಗಳಲ್ಲಿ ಮಾತ್ರ ಅವರು ಯಾವತ್ತೂ ಕೆಂಪು ಶಾಯಿ ಹಾಕಲಿಲ್ಲ. ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಬರೆಯುತ್ತಿದ್ದರು: 'ಇದನ್ನು ಯಾರು ಹೇಳಿದ್ದು? ಯಾವಾಗ ಹೇಳ್ತಾರೆ?'

ಅವರು ಸಡಿಲ ಬಿಡುವವರು ಎಂದು ದಯವಿಟ್ಟು ಯಾರೂ ಅಂದುಕೊಳ್ಳಬೇಡಿ. ಪರೀಕ್ಷೆಯ ಉತ್ತರದಲ್ಲಿ, ಪ್ರಬಂಧದಲ್ಲಿ, ಪತ್ರಲೇಖನದಲ್ಲಿ ಅವರಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ. ಅರ್ಕಾವತ್ತು ತಪ್ಪು ಜಾಗದಲ್ಲಿ ಕೂತರೆ ಇಡೀ ಸಾಲು ಮತ್ತೆ ಬರೆಯಬೇಕಿತ್ತು. ಅಲ್ಪಪ್ರಾಣ, ಮಹಾಪ್ರಾಣ ಅದಲು ಬದಲಾದರೆ ನಿಘಂಟು ತೆಗೆದು ನಾವೇ ಹುಡುಕಬೇಕಿತ್ತು. ನಾನು ಇವತ್ತು ಅನ್ನ ತಿನ್ನುತ್ತಿರುವುದೇ ಆ ಶಿಸ್ತಿನಿಂದ. ಅವರು ನಮಗೆ ಎರಡನ್ನೂ ಕೊಟ್ಟರು. ಮನೆ ಮಾತಿನ ಬಗ್ಗೆ ನಾಚಿಕೆ ಹೋಗಿದ್ದಕ್ಕೇ ಬರಹದ ಕನ್ನಡ ಕಲಿಯುವ ಆಸೆ ಹುಟ್ಟಿತು. ನನ್ನ ಅನುಭವದಲ್ಲಿ ಇದು ಈ ಕ್ರಮದಲ್ಲೇ ಆಗಿದ್ದು. ತಿರುವುಮುರುವಾಗಿ ಆಗುತ್ತಿರಲಿಲ್ಲ.

ಅವರದ್ದೊಂದು ಪದ್ಧತಿ ಇತ್ತು. ಪ್ರತಿ ಪೀರಿಯಡ್‌ನ ಕೊನೆಯ ಹತ್ತು ನಿಮಿಷ ಪಾಠ ಇಲ್ಲ. ಒಂದು ಪದ ಮಾತ್ರ. ಒಂದು ದಿನ ಬೋರ್ಡಿನ ಮೇಲೆ ಈ ಸಾಲು ಬರೆದರು: 'ಹೊತ್ತು ಮುಳುಗುವ ಹೊತ್ತಿಗೆ ಅವಳು ಸೌದೆ ಹೊತ್ತು ಬಂದು ಒಲೆ ಹೊತ್ತಿಸಿದಳು.' ಎಷ್ಟು ಹೊತ್ತು ಇದೆ, ಎಣಿಸಿ ಎಂದರು. ನಾಲ್ಕು ಎಂದೆವು. ಅರ್ಥ ಹೇಳಿ ಎಂದರು. ಸೂರ್ಯ, ಸಮಯ, ಹೊರುವುದು, ಉರಿಸುವುದು. ಒಬ್ಬಳು ಎದ್ದು, 'ಟೀಚರ್, ಹೊತ್ತಗೆ ಕೂಡ ಇದರದ್ದೇನಾ?' ಎಂದು ಕೇಳಿದಳು. ಟೀಚರ್ ಮುಖ ಅರಳಿದ್ದು ಈಗಲೂ ನೆನಪಿದೆ. 'ಅಲ್ಲ. ಅದು ಬೇರೆ ಮನೆಯಿಂದ ಬಂದಿದ್ದು. ಸಂಸ್ಕೃತದ ಪುಸ್ತಕ ನಮ್ಮ ಬಾಯಲ್ಲಿ ಪೊತ್ತಗೆ ಆಯಿತು. ಪ ಹೋಗಿ ಹ ಬಂತು, ಹೊತ್ತಗೆ ಆಯಿತು. ನೋಡಿ, ಹೊರಗಿನಿಂದ ಬಂದ ಪದಕ್ಕೂ ನಮ್ಮ ದಾರಿಯೇ!'

ಇನ್ನೊಂದು ದಿನ ಕ್ಲಾಸ್‌ರೂಮಿನ ಒಂದೊಂದು ವಸ್ತುವನ್ನೂ ತೋರಿಸಿ, ನೀನು ಎಲ್ಲಿಂದ ಬಂದೆ ಎಂದು ಕೇಳಿಸಿದರು. ಕುರ್ಚಿ ಅರಬ್ಬಿಯಿಂದ. ಕಾಗದ ಪಾರಸಿ, ಅರಬ್ಬಿ ಕಡೆಯಿಂದ. ಬೀರುವಿನ ಬೀಗಕ್ಕೆ ಹಾಕುವ ಚಾವಿ ಪೋರ್ಚುಗೀಸರದ್ದು. ಕೈಯಲ್ಲಿದ್ದ ಸೀಮೆಸುಣ್ಣ ತೋರಿಸಿ, 'ಸೀಮೆಯಿಂದ ಬಂದ ಸುಣ್ಣ' ಎಂದರು. ಸೀಮೆ ಅಂದರೆ ಆಗ ಪರದೇಶ ಎಂಬ ಅರ್ಥವೂ ಇತ್ತು. ಕಲ್ಲು, ಮಣ್ಣು, ಕಣ್ಣು, ಕೈ, ಕಿವಿ ನಮ್ಮವೇ. ಕಿವಿಯಲ್ಲಿ ನಾವು ಹಳೆಯ ಕ ಉಳಿಸಿಕೊಂಡಿದ್ದೇವೆ, ತಮಿಳು, ತೆಲುಗಿನಲ್ಲಿ ಅದು ಚ ಕಡೆಗೆ ಹೋಗಿದೆ ಎಂದಾಗ ನಾವೆಲ್ಲ ಕಿವಿ ಮುಟ್ಟಿ ನೋಡಿಕೊಂಡಿದ್ದೆವು. ಒಂದು ಕೊಠಡಿಯೊಳಗೆ ಕೂತು ಹತ್ತು ನಿಮಿಷದಲ್ಲಿ ಅರ್ಧ ಪ್ರಪಂಚ ಸುತ್ತಿ ಬಂದ ಹಾಗಿತ್ತು.

ಬೋರ್ಡಿನ ಮೇಲೆ ಆ ದಿನ ಕಂಡ ೞ ಅಕ್ಷರದ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಒಂದು ಕಾಲಕ್ಕೆ ಕನ್ನಡದ ವರ್ಣಮಾಲೆಯಲ್ಲಿ ಗಟ್ಟಿಯಾಗಿ ಕೂತಿದ್ದ ಅಕ್ಷರ. ಬಾೞ್ ಅಂದರೆ ಬದುಕು, ಬಾಳ್ ಅಂದರೆ ಕತ್ತಿ. ೞ ಹೋಯಿತು, ಎರಡೂ 'ಬಾಳು' ಆಗಿ ಒಂದೇ ಥರ ಕಾಣತೊಡಗಿದವು. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣದಲ್ಲಿ ೞ ಇರುವ ಪದಗಳನ್ನು ಕೂತು ಪಟ್ಟಿ ಮಾಡಿದ್ದಾನೆ. ಆ ಹೊತ್ತಿಗೇ ಜನರ ಬಾಯಲ್ಲಿ ಅದು ಜಾರುತ್ತಿತ್ತು ಅನ್ನಿಸುತ್ತದೆ, ಇಲ್ಲದಿದ್ದರೆ ಪಟ್ಟಿ ಯಾಕೆ ಬೇಕು ಅಲ್ವಾ? ನಾನು ಡಿಟಿಪಿ ಕಲಿತಾಗ ಕಂಪ್ಯೂಟರಿನಲ್ಲಿ ಮೊದಲು ಹುಡುಕಿದ್ದು ಈ ಅಕ್ಷರವನ್ನೇ. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ 'ಫ' ಎಂದು ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಹಾಗಿಲ್ಲ ಎಂಬುದು ಅವರ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಬೇರೆಯಾಗಿ ಸೇರಿಸಿದ್ದಾರೆ. ಅದನ್ನು ಕಂಡ ದಿನ ಟೀಚರ್‌ಗೆ ಹೇಳಬೇಕು ಎಂದು ತುಂಬಾ ಅನ್ನಿಸಿತ್ತು. ಒಂದು ಅಕ್ಷರ ಪರಿಚಯದವರ ಹಾಗೆ ಕಂಡಿದ್ದು ಅವರಿಂದ.

ಅವರ ಹತ್ತಿರ ಒಂದು ದಪ್ಪ ನಿಘಂಟು ಇತ್ತು. ಕಂದು ಕಾಗದದ ಹೊದಿಕೆ, ಬೆನ್ನಿಗೆ ಬಟ್ಟೆ ಪಟ್ಟಿ ಅಂಟಿಸಿದ್ದರು. ಕಿಟೆಲ್ ನಿಘಂಟಿನ ಮರುಮುದ್ರಣ. ಮೊದಲು ಅದು ಅಚ್ಚಾಗಿದ್ದು 1894ರಲ್ಲಿ, ಮಂಗಳೂರಿನಲ್ಲಿ. ಸುಮಾರು 70,000 ಪದ. ಒಂದೊಂದು ಪದದ ಪಕ್ಕ ತಮಿಳು, ತೆಲುಗು, ಮಲಯಾಳ, ತುಳುವಿನ ನೆಂಟ ಪದಗಳು, ಗಾದೆಗಳು. ಟೀಚರ್ ನಮಗೆ ಒಂದು ಮಾತು ಹೇಳಿದ್ದರು: 'ಈ ಮನುಷ್ಯ ಹುಟ್ಟಿದ್ದು ಜರ್ಮನಿಯಲ್ಲಿ. ಇಲ್ಲಿಗೆ ಬಂದಾಗ ಇಪ್ಪತ್ತೊಂದು ವರ್ಷ. ಒಂದು ಕನ್ನಡ ಪದವನ್ನೂ ಅಮ್ಮನ ಬಾಯಿಂದ ಕೇಳಿರಲಿಲ್ಲ. ಎಲ್ಲವನ್ನೂ ಜನರ ಹತ್ತಿರ ಹೋಗಿ ಕೇಳಿ, ಪುಸ್ತಕದಲ್ಲಿ ಹುಡುಕಿ ಬರೆದ. ನಿಮಗೆ ಅಮ್ಮ, ಅಜ್ಜಿ ಸುಮ್ನೆ ಕೊಡ್ತಿದಾರೆ. ತಗೊಳ್ಳಿ.' ಪತ್ರಿಕೆಯಲ್ಲಿ ಆಗ ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಬರುತ್ತಿತ್ತು. ಓದುಗರು ಪದಗಳ ಬಗ್ಗೆ ಕೇಳುವುದು, ಅವರು ಉತ್ತರ ಹೇಳುವುದು. ಟೀಚರ್ ಅದನ್ನು ಕತ್ತರಿಸಿ ತಂದು ಗೋಡೆಗೆ ಅಂಟಿಸುತ್ತಿದ್ದರು. ಒಂದು ಪದದ ಬಗ್ಗೆ ದೊಡ್ಡವರೂ ಪತ್ರ ಬರೆದು ಕೇಳುತ್ತಾರೆ, ಗೊತ್ತಿಲ್ಲದಿದ್ದರೆ ಕೇಳುವುದರಲ್ಲಿ ಅವಮಾನ ಇಲ್ಲ ಎಂದು ನಮಗೆ ತಿಳಿದದ್ದು ಆ ಗೋಡೆಯಿಂದ. 2021ರಲ್ಲಿ ವೆಂಕಟಸುಬ್ಬಯ್ಯನವರು 107ನೇ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಓದಿದಾಗ ನನಗೆ ಆ ಗೋಡೆಯೇ ನೆನಪಾಯಿತು.

ಈಗ ನಿಮ್ಮ ಹತ್ತಿರ ಕೇಳಿಕೊಳ್ಳುವ ವಿಷಯಕ್ಕೆ ಬರುತ್ತೇನೆ.

ಶಿಕ್ಷಕರೇ, ನಿಮ್ಮ ಕ್ಲಾಸಿನಲ್ಲೂ ಒಂದು 'ಒತ್ತಾರೆ' ಇರುತ್ತದೆ. ಅದು ಬಾಯಿಂದ ಬಿದ್ದಾಗ ನಗು ಬರುತ್ತದೆ. ಮಕ್ಕಳು ನಗುವುದು ಕೆಟ್ಟತನದಿಂದ ಅಲ್ಲ, ಹೊಸ ಸದ್ದು ಕೇಳಿ. ಆ ಕ್ಷಣದಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಒಂದು ಮಗುವಿನ ಮಾತು ನಿಂತಿದೆ. ಐದನೇ ಕ್ಲಾಸಿನಲ್ಲಿ ನನ್ನ ಹಾಗೇ ಮಾತಾಡುವ ಇನ್ನೊಬ್ಬ ಹುಡುಗ ಇದ್ದ. ಅವನು ಆ ಶಾಲೆಯಲ್ಲೇ ಉಳಿದ. ಈಗಲೂ ಸಿಗುತ್ತಾನೆ, ಚೆನ್ನಾಗಿ ಬದುಕಿದ್ದಾನೆ. ಆದರೆ ನಾಲ್ಕು ಜನ ಸೇರಿದ ಕಡೆ ಕನ್ನಡದಲ್ಲಿ ಮಾತಾಡು ಎಂದರೆ ಇವತ್ತಿಗೂ ಹಿಂದೆ ಸರಿಯುತ್ತಾನೆ. 'ನನ್ ಕನ್ನಡ ಸರಿ ಇಲ್ಲಪ್ಪ' ಅನ್ನುತ್ತಾನೆ. ಹುಟ್ಟಿದಾಗಿನಿಂದ ಕನ್ನಡ ಬಿಟ್ಟು ಬೇರೆ ಮಾತಾಡದ ಮನುಷ್ಯ ಹೇಳುವ ಮಾತು ಇದು. ಪ್ರತಿ ಸಲ ಕೇಳಿದಾಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸ ಒಬ್ಬ ಟೀಚರ್ ಮಾತ್ರ.

ಮೊದಲು ಮಗುವಿನ ಪದವನ್ನು ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ ಅದರ ಕೆಳಗೆ ಬರಹದ ರೂಪ ಬರೆಯಿರಿ. ನಿಮಗೆ ಅದರ ಹಳೆಯ ರೂಪ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. 'ಯಾರು ಹೇಳಿದ್ದು, ಕೇಳ್ಕೊಂಡು ಬಾ' ಎಂದರೆ ಸಾಕು.

ಕೆಲವರು ಕೇಳುತ್ತಾರೆ, ಹೀಗೆ ಬಿಟ್ಟರೆ ಶುದ್ಧ ಕನ್ನಡ ಉಳಿಯುತ್ತದಾ ಎಂದು. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಅವರಿಗೆ ಹಳೆಯದೊಂದು ವಿಷಯ ಹೇಳುತ್ತೇನೆ. ಸುಮಾರು 850ರಲ್ಲಿ ಬಂದ ಕವಿರಾಜಮಾರ್ಗ ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಎಂದು ಅದರಲ್ಲಿ ಹೇಳಿರುವುದು ಎಲ್ಲರಿಗೂ ಗೊತ್ತು. ಅದೇ ಗ್ರಂಥದಲ್ಲಿ 'ಕನ್ನಡಂಗಳ್' ಎಂದು ಬಹುವಚನವೂ ಇದೆ. ದೇಸಿ ಬೇರೆ ಬೇರೆಯಾಗಿರುವುದರಿಂದ ಕನ್ನಡಗಳ ದೋಷ ಇಷ್ಟೇ ಎಂದು ಎಣಿಸಿ ಹೇಳಲು ಹೋದರೆ ಸರ್ಪರಾಜ ವಾಸುಕಿಗೂ ಬೇಸರ ಬರುತ್ತದೆ ಎಂದು ಅಲ್ಲಿ ಹೇಳಿದೆ. ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷದ ಹಿಂದೆಯೇ ಕನ್ನಡ ಒಂದಲ್ಲ, ಹಲವು ಎಂದು ಬರೆದಿಟ್ಟಿದ್ದಾರೆ. ಆ ಹಲವೂ ಇದ್ದುಕೊಂಡೇ ಭಾಷೆ ಇಲ್ಲಿವರೆಗೆ ಬಂದಿದೆ. ಎಲ್ಲರಿಗೂ ತಿಳಿಯುವ ಒಂದು ಬರಹ ಬೇಕೇ ಬೇಕು. ಅದಕ್ಕಾಗಿ ದಿನವೂ ದುಡಿಯುವವನು ನಾನು. ಆದರೆ ಆ ಬರಹಕ್ಕೆ ಪದ ಬರುವುದು ಮನೆಗಳಿಂದ. ಮನೆಯವರ ಬಾಯಿ ಮುಚ್ಚಿಸಿದರೆ ನಾನು ತಿದ್ದುವುದಕ್ಕೆ ಏನೂ ಉಳಿಯುವುದಿಲ್ಲ.

ಇಲಾಖೆಯವರೇ, ಶಿಕ್ಷಕರ ಕಷ್ಟ ನನಗೆ ಗೊತ್ತಿದೆ. ನನ್ನ ತಂಗಿಯೂ ಶಿಕ್ಷಕಿ. ಪಾಠ ಯೋಜನೆ ಬರೆಯಬೇಕು, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕ ತುಂಬಬೇಕು, ಸಿಲಬಸ್ ಮುಗಿಸಬೇಕು, ಅದರ ಮೇಲೆ ಗಣತಿ, ಚುನಾವಣೆ ಕೆಲಸ. ನಮ್ಮ ಟೀಚರ್‌ಗೆ ಸಿಕ್ಕ ಆ ಕೊನೆಯ ಹತ್ತು ನಿಮಿಷ ಈಗಿನ ಎಷ್ಟು ಜನರಿಗೆ ಸಿಗುತ್ತದೆ? ನಾನು ಕೇಳುವುದು ದೊಡ್ಡದೇನಲ್ಲ. ವಾರಕ್ಕೆ ಒಂದು ಕನ್ನಡ ಪೀರಿಯಡ್ ಅಂಕಕ್ಕೆ ಸೇರದ ಪೀರಿಯಡ್ ಆಗಲಿ. ಅದರಲ್ಲಿ ಏನು ಮಾಡಿದಿರಿ ಎಂದು ವರದಿ ಕೇಳಬೇಡಿ. ಅದನ್ನೂ ಒಂದು ಫಾರ್ಮ್ ಮಾಡಿಬಿಟ್ಟರೆ ಅದರ ಜೀವ ಅಲ್ಲೇ ಹೋಗುತ್ತದೆ. ಮತ್ತೆ, ನಿಘಂಟು ಬೀರುವಿನೊಳಗೆ ಬೀಗ ಹಾಕಿಕೊಂಡು ಕೂರುವುದು ಬೇಡ. ಕ್ಲಾಸಿನ ಮೇಜಿನ ಮೇಲೆ ಇರಲಿ. ಹರಿದರೆ ಹರಿಯಲಿ, ಅಂಟಿಸಬಹುದು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟು ಮಾಡಿಸಿದೆ. ದಶಕಗಟ್ಟಲೆ ಕೂತು ಮಾಡಿದ ಕೆಲಸ. ಅದರ ಒಂದು ಪುಟವನ್ನು ಮಕ್ಕಳ ಬೆರಳು ಮುಟ್ಟಬೇಡವೇ?

ಶಿಕ್ಷಕರ ತರಬೇತಿಯಲ್ಲೂ ಒಂದು ದಿನ ಇದಕ್ಕೆ ಇಡಿ. ಪ ಹ ಆಗಿದ್ದು ಹೇಗೆ, ೞ ಹೋಗಿದ್ದು ಹೇಗೆ ಎಂದು ತಿಳಿದ ಶಿಕ್ಷಕರಿಗೆ ಮಗುವಿನ 'ಅತ್ತು' ಕೇಳಿದಾಗ ಸಿಟ್ಟು ಬರುವುದಿಲ್ಲ. ಕುತೂಹಲ ಬರುತ್ತದೆ. ನಮ್ಮ ಟೀಚರ್ ಅಂದು ಸೀಮೆಸುಣ್ಣ ಹಿಡಿದು ನಿಂತಾಗ ಅವರ ಮುಖದಲ್ಲಿ ಇದ್ದದ್ದು ಅದೇ. ಕರುಣೆಯಿಂದ ನನ್ನನ್ನು ಕಾಪಾಡಿದರು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅವರಿಗೆ ಆ ಪದ ನಿಜವಾಗಲೂ ಖುಷಿ ಕೊಟ್ಟಿತ್ತು. ಒಂದು ಅಪರೂಪದ ವಸ್ತು ಯಾರೋ ತಂದುಕೊಟ್ಟರೆ ಹೇಗೆ ನೋಡುತ್ತಾರೋ ಹಾಗೆ ನನ್ನನ್ನು ನೋಡಿದರು. ಮಗುವಿಗೆ ಕರುಣೆಗೂ ಖುಷಿಗೂ ವ್ಯತ್ಯಾಸ ಗೊತ್ತಾಗುತ್ತದೆ.

ಅಜ್ಜಿ ಈಗ ಇಲ್ಲ. 'ಮನೆ ಮಾತು' ನೋಟ್‌ಬುಕ್ ಇದೆ. ಮೊದಲ ಪುಟದಲ್ಲಿ ಎಂಟು ಪದ ನೀಲಿ ಶಾಯಿಯಲ್ಲಿ, ಒಂಬತ್ತನೆಯದು ಪೆನ್ಸಿಲ್‌ನಲ್ಲಿ, ರಾತ್ರಿ ಎದ್ದು ಬರೆದದ್ದು. ಅದರ ಪಕ್ಕ ಟೀಚರ್ ಅಕ್ಷರದಲ್ಲಿ ಒಂದು ಸಾಲು ಇದೆ: 'ಅಜ್ಜಿಗೆ ನನ್ನ ನಮಸ್ಕಾರ ಹೇಳು.' ಅದನ್ನು ಓದಿ ಹೇಳಿದ ದಿನ ಅಜ್ಜಿ ಏನೂ ಮಾತಾಡಲಿಲ್ಲ. ಆ ಪುಟದ ಮೇಲೆ ಕೈ ಆಡಿಸಿದರು.

ಟೀಚರ್ ನಿವೃತ್ತರಾಗಿ ಬಹಳ ವರ್ಷ ಆಯಿತು. ಕಣ್ಣು ಮಂಜಾಗಿದೆ ಎಂದು ಈ ಪತ್ರವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅವರಿಗೆ ಕಳಿಸಿದ್ದೆ. ಎಲ್ಲರಿಗೂ ತಲುಪುವ ಮೊದಲು ಅವರು ಓದಬೇಕು ಅನ್ನಿಸಿತು. ಹತ್ತು ದಿನಕ್ಕೆ ವಾಪಸ್ ಬಂತು. ಇಡೀ ಪತ್ರದಲ್ಲಿ ಒಂದೇ ಒಂದು ಕಡೆ ಪೆನ್ಸಿಲ್ ಗುರುತು. ಮೇಲೆ ಬೋರ್ಡಿನ ವಿಷಯ ಬರೆದಿದ್ದೇನಲ್ಲ, ಅಲ್ಲಿ ನಾನು ಮೊದಲು 'ನನ್ನ ತಪ್ಪು ಉಚ್ಚಾರಣೆ' ಎಂದು ಬರೆದಿದ್ದೆ. ಅವರು 'ತಪ್ಪು' ಹೊಡೆದುಹಾಕಿ, ಅದರ ಮೇಲೆ ನಡುಗುವ ಕೈಯಲ್ಲಿ 'ಮನೆ' ಎಂದು ಬರೆದಿದ್ದರು.

ಇಂತಿ,
ಟೀಚರ್ ಅವರ ವಿದ್ಯಾರ್ಥಿ